ಶುಕ್ರನಲ್ಲಿಗೆ ಹೋಗಬೇಕೆ?

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕೆಲಮಂಗಲದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ವೇದಿಕೆಯಲ್ಲಿ ಕನ್ನಡ ಪಂಡಿತನೊಬ್ಬನು ನಿಂತಾಗ ನೀವು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತ ನಾಲ್ಕು ಮಾತುಗಳನ್ನು ನಿರೀಕ್ಷಿಸುವುದು ಸಹಜ. ಕಾರ್ಯದರ್ಶಿಗಳು ವಿಷಯದ ಆಯ್ಕೆಯನ್ನು ನನ್ನ ಇಚ್ಛೆಗೇ ಬಿಟ್ಟರು. ಅದು ಅವರ ಔದಾರ್ಯ. ಅದನ್ನು ದುರುಪಯೋಗಪಡಿಸಿಕೊಂಡು ನಾನು ಶುಕ್ರಗ್ರಹವನ್ನು ಆರಿಸಿಕೊಂಡಿರುವೆನು. ಇದು ನನ್ನ ವಿದ್ವತ್ತಿನ ಎಲ್ಲೆಗೆ ಹೊರಗಿನದೆಂಬುದನ್ನು ಬಲ್ಲೆ. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ, ಅದೇ ನನ್ನ ತರಗತಿಯೊಳಕ್ಕೆ ನಡೆದು ಬಂದಿತು.

ಎಂಟನೆಯ ತರಗತಿಯಲ್ಲಿ ಒಂದು ದಿನ ಕಚ ದೇವಯಾನಿಯರ ಕಥೆಯನ್ನು ಹೇಳುತ್ತಿದ್ದೆನು. ಶುಕ್ರಾಚಾರ್ಯರ ಹೆಸರು ಬಂದೊಡನೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತನು. "ಸಾರ್, ಬೆಂಗಳೂರಿನವರು ಶುಕ್ರಗ್ರಹಕ್ಕೆ ನೌಕೆ ಕಳಿಸುತ್ತಾರಂತೆ. ಅಲ್ಲಿ ಇಳಿದದ್ದೆಲ್ಲ ಬೆಂದುಹೋಗುತ್ತದಂತೆ. ಯಾರೂ ಬದುಕಲಾಗದ ಜಾಗಕ್ಕೆ ಯಾಕೆ ಸಾರ್ ಹೋಗಬೇಕು?" ಎಂದನು. ವಿಜ್ಞಾನದ ಉಪಾಧ್ಯಾಯರನ್ನು ಕೇಳು ಎಂದು ಹೇಳಿ ಜಾರಿಕೊಳ್ಳಬಹುದಾಗಿತ್ತು. ನಾಳೆ ಹೇಳುವೆನೆಂದು ನಾನೇ ಒಪ್ಪಿಕೊಂಡುಬಿಟ್ಟೆನು. ಅಂದು ಸಂಜೆ ಈ ಪ್ರಸಂಗವನ್ನು ನಮ್ಮ ಬೀದಿಯ ಹಿರಿಯ ರೈತರೊಬ್ಬರಿಗೆ ಹೇಳಿದಾಗ ಅವರು ನಕ್ಕು, "ಮೇಷ್ಟ್ರೆ, ಸಾವಿರ ಅಡಿ ಬೋರ್ ಕೊರೆಸಿದರೂ ನನಗೆ ನೀರು ಸಿಕ್ಕಲಿಲ್ಲ. ಅವರು ಆಕಾಶದಲ್ಲಿ ಏನು ಹುಡುಕುತ್ತಾರೆ?" ಎಂದರು. ಹುಡುಗನ ಪ್ರಶ್ನೆ ಅಪಾಯವನ್ನು ಕುರಿತದ್ದು, ಹಿರಿಯರ ಪ್ರಶ್ನೆ ಹಣವನ್ನು ಕುರಿತದ್ದು. ಎರಡಕ್ಕೂ ಉತ್ತರ ಹೇಳಬೇಕಾದ ಸಾಲ ನನ್ನ ಮೇಲಿದೆ. ಅದನ್ನು ತಮ್ಮೆಲ್ಲರ ಸಮಕ್ಷಮದಲ್ಲಿ ತೀರಿಸಲೆತ್ನಿಸುವೆನು.

ಶುಕ್ರನು ನಮಗೆ ಹೊಸಬನಲ್ಲ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ನಮ್ಮ ಸೀಮೆಯ ಒಕ್ಕಲಿಗೆ ಗಡಿಯಾರವೆಂದರೆ ಬೆಳ್ಳಿಯೆ. "ಬೆಳ್ಳಿ ಮೂಡಿತು, ಏಳ್ರೋ" ಎಂದು ಮನೆಯ ಯಜಮಾನರು ಎಬ್ಬಿಸುತ್ತಿದ್ದರು. ಸಂತೆಗೆ ಗಾಡಿ ಕಟ್ಟುತ್ತಿದ್ದುದೂ ಆ ಬೆಳಕನ್ನು ನೋಡಿಯೆ. ಕೆಲವು ತಿಂಗಳು ಮುಂಜಾನೆ ಮೂಡಣದಲ್ಲಿ, ಕೆಲವು ತಿಂಗಳು ಮುಸ್ಸಂಜೆ ಪಡುವಣದಲ್ಲಿ ಹೊಳೆಯುವ ಈ ಗ್ರಹವು ನಡುವೆ ಸೂರ್ಯನ ಸಮೀಪಕ್ಕೆ ಸರಿದು ಕಾಣದಾಗುವುದುಂಟು. ಆಗ ಪುರೋಹಿತರು ಶುಕ್ರಮೌಢ್ಯವೆಂದು ಮದುವೆಗಳನ್ನು ಮುಂದಕ್ಕೆ ಹಾಕುವರು. ಅದರ ನಷ್ಟವೇನೆಂಬುದನ್ನು ಕಲ್ಯಾಣಮಂಟಪದ ಯಜಮಾನರು ಬಲ್ಲರು. ಭಾಗ್ಯ ಕೂಡಿಬಂದವನನ್ನು ಕಂಡರೆ ಶುಕ್ರದೆಸೆ ತಿರುಗಿತೆನ್ನುವ ಜನ ನಾವು.

ಇಷ್ಟು ಮಂಗಳಕರನೆಂದು ನಂಬಿದ ಈ ಗ್ರಹದ ನಿಜರೂಪವು ಘೋರವಾದುದು. ಗಾತ್ರದಲ್ಲಿ ಅದು ಭೂಮಿಯ ಒಡಹುಟ್ಟು: ಭೂಮಿಯ ವ್ಯಾಸ ಸುಮಾರು ೧೨,೭೪೦ ಕಿಲೋಮೀಟರು, ಅದರದು ಸುಮಾರು ೧೨,೧೦೦. ಹೋಲಿಕೆ ಅಲ್ಲಿಗೆ ಮುಗಿಯಿತು. ಅದರ ನೆಲದ ಮೇಲಿನ ಬಿಸಿ ಸುಮಾರು ೪೬೫ ಡಿಗ್ರಿ ಸೆಂಟಿಗ್ರೇಡು. ತವರವು ೨೩೨ರಲ್ಲಿ, ಸೀಸವು ೩೨೭ರಲ್ಲಿ, ಸತುವು ೪೨೦ರಲ್ಲಿ ಕರಗುವುದೆಂದ ಮೇಲೆ ಈ ಮೂರೂ ಅಲ್ಲಿ ನೀರಿನಂತೆ ಹರಿಯತಕ್ಕವು. ವಾಯುವಿನ ಒತ್ತಡವು ಇಲ್ಲಿಯದಕ್ಕಿಂತ ಸುಮಾರು ತೊಂಬತ್ತು ಮಡಿ ಹೆಚ್ಚು. ನಮ್ಮ ಕಡಲಿನಲ್ಲಿ ಒಂಬೈನೂರು ಮೀಟರ್ ಆಳಕ್ಕೆ ಇಳಿದವನ ಮೇಲೆ ಬೀಳುವ ಭಾರವಷ್ಟು. ಆ ವಾಯುವಿನಲ್ಲಿ ನೂರಕ್ಕೆ ತೊಂಬತ್ತಾರು ಪಾಲು ಇಂಗಾಲದ ಡೈಆಕ್ಸೈಡು. ಮೇಲೆ ಕವಿದಿರುವ ಮೋಡಗಳಲ್ಲಿರುವುದು ಗಂಧಕಾಮ್ಲ. ಅದು ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ನಮ್ಮ ೨೪೩ ದಿನಗಳು ಬೇಕು. ಸಾಲದುದಕ್ಕೆ ತಿರುಗುವುದೂ ಹಿಮ್ಮುಖವಾಗಿ, ಆದುದರಿಂದ ಸೂರ್ಯನು ಅಲ್ಲಿ ಪಡುವಣದಲ್ಲಿ ಹುಟ್ಟುವನು. ನಾವು ಮೆಚ್ಚುವ ಬೆಳ್ಳಿಯ ಹೊಳಪು ಆ ಆಮ್ಲದ ಮೋಡಗಳು ಹಿಂದಿರುಗಿಸಿದ ಬಿಸಿಲೇ ಆಗಿರುವುದು.

ಇಂಥ ಮನೆಗೆ ಕಲಿಯಲು ಹೋಗಬೇಕೆ? ಹುಡುಗನು ಈ ಪ್ರಶ್ನೆಯನ್ನು ಕೇಳಿದುದು ಕಚನ ಕಥೆಯ ನಡುವೆ ಎಂಬುದು ಆಕಸ್ಮಿಕವಾದರೂ, ಆ ಕಥೆಯೇ ಈ ಪ್ರಶ್ನೆಯನ್ನು ಕುರಿತದ್ದೆಂದು ನನಗೆ ಅಂದು ರಾತ್ರಿ ಹೊಳೆಯಿತು. ಆದಿಪರ್ವದ ಕಥೆ ತಮಗೆಲ್ಲ ತಿಳಿದುದೆ. ಯುದ್ಧದಲ್ಲಿ ಸತ್ತ ಅಸುರರನ್ನು ಶುಕ್ರಾಚಾರ್ಯರು ಸಂಜೀವಿನೀ ವಿದ್ಯೆಯಿಂದ ಎಬ್ಬಿಸುತ್ತಿದ್ದರು. ದೇವತೆಗಳ ಗುರು ಬೃಹಸ್ಪತಿಗೆ ಆ ವಿದ್ಯೆ ತಿಳಿಯದು. ಆಗ ದೇವತೆಗಳು ಸೇನೆಯನ್ನು ಕಳುಹಿಸಲಿಲ್ಲ. ಬೃಹಸ್ಪತಿಯ ಮಗನನ್ನು ವಿದ್ಯಾರ್ಥಿಯಾಗಿ ಕಳುಹಿಸಿದರು. ಶತ್ರುವಿನ ಊರು, ಶತ್ರುವಿನ ಗುರುಕುಲ. ಕಚನು ಗುರುವಿನ ಹಸುಗಳನ್ನು ಕಾಯ್ದನು. ಅವನು ಬಂದ ಕಾರಣ ತಿಳಿದು ಅಸುರರು ಅವನನ್ನು ಕೊಂದು ತೋಳಗಳಿಗೆ ಹಾಕಿದರು. ದೇವಯಾನಿಯ ಕಣ್ಣೀರಿಗೆ ಕರಗಿ ಗುರುವು ಬದುಕಿಸಿದನು. ಎರಡನೆಯ ಸಲ ಕೊಂದು ಅರೆದು ಕಡಲಿನಲ್ಲಿ ಕಲಸಿದರು, ಮತ್ತೆ ಎದ್ದುಬಂದನು. ಮೂರನೆಯ ಸಲ ಸುಟ್ಟು, ಬೂದಿಯನ್ನು ಸುರೆಯಲ್ಲಿ ಬೆರೆಸಿ ಗುರುವಿಗೇ ಕುಡಿಸಿದರು. ಆಗ ಗುರುವಿಗೆ ಬೇರೆ ದಾರಿಯೇ ಇಲ್ಲದೆ, ತನ್ನ ಹೊಟ್ಟೆಯೊಳಗಿದ್ದ ಶಿಷ್ಯನಿಗೆ ವಿದ್ಯೆಯನ್ನು ಕಲಿಸಬೇಕಾಯಿತು. ಹೊಟ್ಟೆ ಸೀಳಿ ಹೊರಬಂದ ಶಿಷ್ಯನು ಅದೇ ವಿದ್ಯೆಯಿಂದ ಗುರುವನ್ನು ಬದುಕಿಸಿದನು.

ಕಥೆ ಹೇಳುವವರಲ್ಲಿ ಅನೇಕರು ದೇವಯಾನಿಯ ಪ್ರೇಮ, ಕಚನ ನಿರಾಕರಣೆ ಇವುಗಳಲ್ಲಿಯೇ ನಿಂತುಬಿಡುವರು. ನನ್ನ ಮನಸ್ಸಿಗೆ ಹಿಡಿದ ಭಾಗ ಅದರ ಮುಂದಿನದು. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ಅವಳು ಶಪಿಸಿದಾಗ ಕಚನು ಎದೆಗುಂದುವುದಿಲ್ಲ. ತನಗೆ ಫಲಿಸದಿದ್ದರೇನು, ತಾನು ಯಾರಿಗೆ ಕಲಿಸುವೆನೋ ಅವರಿಗೆ ಫಲಿಸುವುದು ಎಂದು ಹೇಳಿ ಹೊರಟುಹೋಗುವನು. ಹೀಗೆಂದ ಮಾತ್ರಕ್ಕೆ ನಮ್ಮ ಹಿರಿಯರು ಶುಕ್ರಗ್ರಹದ ಉಷ್ಣಮಾನವನ್ನು ಅಳೆದಿದ್ದರೆಂದು ವಾದಿಸುವವನು ನಾನಲ್ಲ. ಅಂತಹ ವಾದಗಳು ಪುರಾಣಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಅಪಾಯದ ಮನೆಯಲ್ಲಿ ಕಲಿತುದರ ಫಲವು ಕಲಿತವನಿಗಲ್ಲದೆ ಮನೆಯಲ್ಲಿ ಕುಳಿತವರಿಗೂ ಸೇರಬಹುದೆಂಬ ವಿವೇಕ ಅವರಿಗಿತ್ತು, ನಾನು ಹೇಳುವುದು ಇಷ್ಟೆ.

ಇನ್ನು ಇತಿಹಾಸದ ಕಚನೊಬ್ಬನ ಕಥೆ. ಇದು ನಡೆದುದು ನಮಗೆ ಬಹು ದೂರದಲ್ಲಿಯೇನೂ ಅಲ್ಲ. ಕೃಷ್ಣಗಿರಿಯಿಂದ ತಿರುವಣ್ಣಾಮಲೆಯ ಮಾರ್ಗವಾಗಿ ಹೋದರೆ ಸಿಕ್ಕುವ ಪಾಂಡಿಚೇರಿಯಲ್ಲಿ. ಶುಕ್ರನು ಅಪರೂಪಕ್ಕೊಮ್ಮೆ ಸೂರ್ಯಬಿಂಬದ ಮೇಲೆ ಕರಿಯ ಚುಕ್ಕೆಯಾಗಿ ಹಾದುಹೋಗುವನು. ಅದಕ್ಕೆ ಶುಕ್ರಸಂಕ್ರಮವೆಂದು ಹೆಸರು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಸರಿದಂತೆ ಕಾಣುವುದಷ್ಟೆ. ಹಾಗೆಯೇ ಭೂಮಿಯ ಬೇರೆಬೇರೆ ಸ್ಥಳಗಳಿಂದ ನೋಡಿದಾಗ ಆ ಚುಕ್ಕೆಯು ಬೇರೆಬೇರೆ ಗೆರೆಯಲ್ಲಿ ಸಾಗುವುದು. ಆ ವ್ಯತ್ಯಾಸದಿಂದ ಸೂರ್ಯನ ದೂರವನ್ನು ಲೆಕ್ಕಹಾಕಬಹುದೆಂದು ಪಂಡಿತರು ಕಂಡುಕೊಂಡಿದ್ದರು. ೧೭೬೧ರ ಜೂನ್ ೬ರ ಸಂಕ್ರಮಕ್ಕಾಗಿ ಗಿಯೋಮ್ ಲ ಜಾಂತಿ ಎಂಬ ಫ್ರೆಂಚ್ ಖಗೋಳಜ್ಞನು ೧೭೬೦ರಲ್ಲಿಯೇ ಪಾಂಡಿಚೇರಿಗೆ ಹಡಗು ಹತ್ತಿದನು. ದಾರಿಯಲ್ಲಿರುವಾಗಲೇ ಊರು ಇಂಗ್ಲಿಷರ ವಶವಾಯಿತು. ಹಡಗು ದಡ ಸೇರುವಂತಿಲ್ಲ. ತೂಗಾಡುವ ಅಟ್ಟದ ಮೇಲೆ ನಿಂತು ಸಂಕ್ರಮವನ್ನು ಕಂಡನಾದರೂ, ಅಳತೆಗೆ ಆ ನೋಟ ಒದಗಲಿಲ್ಲ. ಮುಂದಿನದು ೧೭೬೯ಕ್ಕೆ. ಅವನು ಊರಿಗೆ ಹಿಂದಿರುಗಲಿಲ್ಲ! ಹಲವು ವರ್ಷ ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಕಳೆದು, ಕಡೆಗೆ ಪಾಂಡಿಚೇರಿಗೆ ಬಂದು ವೀಕ್ಷಣಾಲಯವನ್ನು ಕಟ್ಟಿಸಿಕೊಂಡು ಕಾದನು. ಆ ಬಿಡುವಿನಲ್ಲಿ ಅಲ್ಲಿಯ ತಮಿಳರಿಂದ ಗ್ರಹಣದ ಲೆಕ್ಕ ಹಾಕುವ ಕ್ರಮವನ್ನು ಕಲಿತು ಬರೆದುಕೊಂಡನು. ಜೂನ್ ೪ರ ಬೆಳಿಗ್ಗೆ, ಸಂಕ್ರಮದ ಹೊತ್ತಿಗೆ ಸರಿಯಾಗಿ, ಮೋಡ ಮುಚ್ಚಿತು. ಸಂಕ್ರಮ ಮುಗಿದ ಮೇಲೆ ಸೂರ್ಯನು ಕಂಡನು.

ಹನ್ನೊಂದು ವರ್ಷಗಳ ಮೇಲೆ, ೧೭೭೧ರಲ್ಲಿ, ಅವನು ಮನೆ ಸೇರಿದಾಗ ಬಂಧುಗಳು ಅವನು ಸತ್ತನೆಂದು ಆಸ್ತಿಯ ಹಂಚಿಕೆಗೆ ತೊಡಗಿದ್ದರು. ಅಕಾಡೆಮಿಯಲ್ಲಿ ಅವನ ಸ್ಥಾನವು ಬೇರೊಬ್ಬನ ಪಾಲಾಗಿತ್ತು. ಕೆಟ್ಟ ಬದುಕೆನ್ನೋಣವೆ? ಆದರೆ ಅವನೊಬ್ಬನೇ ಅಲ್ಲ, ಆ ವರ್ಷ ಸಾವಿರಾರು ಮೈಲಿಗಳ ಅಂತರದಲ್ಲಿ, ತಾಹಿತಿ ದ್ವೀಪದಲ್ಲಿದ್ದ ಕ್ಯಾಪ್ಟನ್ ಕುಕ್ ಮೊದಲಾಗಿ, ಅನೇಕರು ಕಾದಿದ್ದರು. ಮೋಡವಿಲ್ಲದ ಕಡೆ ನಿಂತವರ ಲೆಕ್ಕಗಳಿಂದ ಸೂರ್ಯನ ದೂರವು ಇಂದಿನ ಎಣಿಕೆಯ ಹದಿನೈದು ಕೋಟಿ ಕಿಲೋಮೀಟರಿನ ಸಮೀಪಕ್ಕೆ ಬಂದಿತು. ಪ್ರತಿಯೊಬ್ಬನಿಗೂ ಫಲ ದೊರೆಯುವುದೆಂದು ಹೇಳಿಕೊಂಡು ಯಾರೂ ಹೊರಟಿರಲಿಲ್ಲ.

೨೦೧೨ರ ಜೂನ್ ೬ರ ಬೆಳಿಗ್ಗೆ ನಮ್ಮ ಭಾಗ್ಯಕ್ಕೆ ಸಂಕ್ರಮವು ನಡೆದಿತ್ತು. ಮುಂಗಾರಿನ ಮೋಡಗಳ ಎಡೆಯಲ್ಲಿ ಸೌರಕನ್ನಡಕವನ್ನಿಟ್ಟುಕೊಂಡು ನಾನೂ ಕೆಲವು ಮಕ್ಕಳೂ ಆ ಕರಿಯ ಚುಕ್ಕೆಯನ್ನು ಕೆಲವು ನಿಮಿಷಗಳಷ್ಟೆ ನೋಡಿದೆವು. ಲ ಜಾಂತಿಗೆ ಪಾಂಡಿಚೇರಿಯಲ್ಲಿ ಅಷ್ಟೂ ಸಿಕ್ಕಿರಲಿಲ್ಲ. ಮುಂದಿನ ಸಂಕ್ರಮವಿರುವುದು ೨೧೧೭ರ ಡಿಸೆಂಬರಿಗೆ. ಈ ಸಭೆಯಲ್ಲಿ ತಾಯ ಮಡಿಲಲ್ಲಿರುವ ಕೂಸು ತೊಂಬತ್ತು ದಾಟಿ ಬದುಕಿದರೆ ಕಂಡೀತು.

ದೂರದಿಂದ ನೋಡಿದ ಕಾಲವು ಮುಗಿದು ಯಂತ್ರಗಳು ಹೋಗುವ ಕಾಲವು ಬಂದಿತು. ೧೯೬೨ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾರಿನರ್-೨ ನೌಕೆಯು ಶುಕ್ರನ ಪಕ್ಕದಲ್ಲಿ ಹಾದುಹೋಗಿ ಅಲ್ಲಿಯ ಬಿಸಿಯ ಸುದ್ದಿಯನ್ನು ತಂದಿತು. ೧೯೬೭ರಲ್ಲಿ ರಷ್ಯನ್ನರ ವೆನೆರಾ-೪ ಅದರ ವಾಯುವಿನೊಳಕ್ಕೆ ಇಳಿಯಿತು. ನೆಲ ಮುಟ್ಟುವ ಮೊದಲೇ ಮೂಕವಾಯಿತು. ೧೯೭೦ರ ಡಿಸೆಂಬರ್ ೧೫ರಂದು ವೆನೆರಾ-೭ ನೆಲಕ್ಕೆ ಬಿದ್ದಾಗ ಸಂಕೇತವು ನಿಂತುಹೋಯಿತೆಂದೇ ಎಲ್ಲರೂ ತಿಳಿದರು. ಆಮೇಲೆ ಧ್ವನಿಪಟ್ಟಿಕೆಗಳನ್ನು ಶೋಧಿಸಿದಾಗ ಗದ್ದಲದ ನಡುವೆ ಇಪ್ಪತ್ತಮೂರು ನಿಮಿಷಗಳ ಅತಿ ಕ್ಷೀಣವಾದ ಸಂಕೇತ ದೊರೆಯಿತು. ಬೇರೊಂದು ಗ್ರಹದ ನೆಲದಿಂದ ಮನುಷ್ಯನಿಗೆ ಬಂದ ಮೊದಲನೆಯ ಮಾತು ಅದು. ೧೯೭೫ರಲ್ಲಿ ವೆನೆರಾ-೯ ಅಲ್ಲಿಯ ಕಲ್ಲುಗಳ ಚಿತ್ರವನ್ನು ಕಳುಹಿಸಿತು. ೧೯೮೨ರ ಮಾರ್ಚ್ ೧ರಂದು ಇಳಿದ ವೆನೆರಾ-೧೩, ಮೂವತ್ತೆರಡು ನಿಮಿಷ ಬದುಕಿದರೆ ಸಾಕೆಂದು ಕಟ್ಟಿದ ಯಂತ್ರ, ನೂರಿಪ್ಪತ್ತೇಳು ನಿಮಿಷ ಬದುಕಿತು. ಇವುಗಳ ನಡುವೆ ದಾರಿಯಲ್ಲಿಯೇ ಅಳಿದ ನೌಕೆಗಳೂ ಬಹಳವಿದ್ದುವು. ಜಪಾನಿನವರ ಅಕಾತ್ಸುಕಿಯ ಕಥೆ ಬೇರೆ. ೨೦೧೦ರ ಡಿಸೆಂಬರಿನಲ್ಲಿ ಅದರ ಮುಖ್ಯ ಯಂತ್ರವು ಕೈಕೊಟ್ಟು, ಶುಕ್ರನ ಸುತ್ತ ನಿಲ್ಲಲಾರದೆ ಸೂರ್ಯನನ್ನು ಸುತ್ತುತ್ತ ಹೋಯಿತು. ಐದು ವರ್ಷ ಕಾದು, ದಿಕ್ಕು ತಿರುಗಿಸಲೆಂದು ಇಟ್ಟಿದ್ದ ಸಣ್ಣ ಯಂತ್ರಗಳನ್ನೇ ಬಳಸಿ, ೨೦೧೫ರ ಡಿಸೆಂಬರ್ ೭ರಂದು ಅದನ್ನು ಶುಕ್ರನ ಕಕ್ಷೆಗೆ ಸೇರಿಸಿದರು. ೨೦೨೪ರ ವರೆಗೂ ಅದು ಕೆಲಸಮಾಡಿತು. ಈ ಜಪಾನೀಯರು ಲ ಜಾಂತಿಯ ಗೋತ್ರದವರೆಂದು ನನಗೆ ತೋರುವುದು.

ಇಷ್ಟು ಪಾಡುಪಟ್ಟು ಕಲಿತುದಾದರೂ ಏನು? ಇಲ್ಲಿ ತಾವು ಹೊಸೂರಿಗೆ ಹೋಗುವ ದಾರಿಯನ್ನು ನೆನೆಯಬೇಕು. ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸುಗಳು ನಮ್ಮ ಸೀಮೆಯ ತುಂಬ ಇರುವುವು. ಮಧ್ಯಾಹ್ನ ಒಳಹೊಕ್ಕವರಿಗೆ ಅದರ ಸೆಕೆ ಎಂಥದೆಂಬುದು ಗೊತ್ತು. ಬಿಸಿಲು ಒಳಕ್ಕೆ ಬರುವುದು, ಬಿಸಿ ಹೊರಕ್ಕೆ ಹೋಗದು. ಇಂಗಾಲದ ಡೈಆಕ್ಸೈಡು ಶುಕ್ರನಿಗೆ ಅಂಥದೊಂದು ಹೊದಿಕೆ. ಹೋಲಿಕೆ ಪೂರ್ತಿಯಾದುದಲ್ಲ: ಪಾಲಿಹೌಸು ಬಿಸಿಗಾಳಿಯನ್ನು ತಡೆಯುವುದು, ಆ ಅನಿಲವು ನೆಲದಿಂದೇಳುವ ಉಷ್ಣಕಿರಣಗಳನ್ನೇ ತಡೆದು ಹಿಡಿಯುವುದು. ಆದರೂ ಅರ್ಥವಾಗಲು ಇಷ್ಟು ಸಾಕು. ಸೂರ್ಯನಿಗೆ ಹೆಚ್ಚು ಹತ್ತಿರವಿರುವ ಬುಧಗ್ರಹಕ್ಕಿಂತ ಶುಕ್ರನು ಹೆಚ್ಚು ಬಿಸಿಯಾಗಿರುವುದು ಈ ಹೊದಿಕೆಯಿಂದಲೆ.

ಇಲ್ಲಿ ಬೆಚ್ಚಿಬೀಳುವ ಸಂಗತಿಯೊಂದುಂಟು. ಶುಕ್ರನಲ್ಲಿರುವಷ್ಟೇ ಇಂಗಾಲವು ಹೆಚ್ಚು ಕಡಮೆ ನಮ್ಮ ಭೂಮಿಯಲ್ಲಿಯೂ ಇದೆ. ಇಲ್ಲಿ ಅದು ಗಾಳಿಯಲ್ಲಿಲ್ಲ, ಸುಣ್ಣದ ಕಲ್ಲುಗಳಲ್ಲಿ ಕಟ್ಟುಬಿದ್ದಿದೆ. ಕಡಲಿರುವುದರಿಂದ, ಮಳೆಯಿರುವುದರಿಂದ ಅದು ಕಲ್ಲಾಯಿತು. ಹಬ್ಬಕ್ಕೆ ಮನೆಗೆ ಬಳಿಯುವ ಸುಣ್ಣವನ್ನು ಗೂಡಿನಲ್ಲಿ ಸುಡುವಾಗ ಆ ಅನಿಲವೇ ಹೊಗೆಯೊಡನೆ ಹೊರಡುವುದು. ಒಡಹುಟ್ಟಿದ ಎರಡು ಗ್ರಹಗಳಲ್ಲಿ ಒಂದು ಕುಲುಮೆಯಾಯಿತು, ಇನ್ನೊಂದರಲ್ಲಿ ರಾಗಿ ಬೆಳೆಯುತ್ತಿದೆ. ಏಕೆ ಹೀಗಾಯಿತು, ಯಾವ ಕಾಲದಲ್ಲಿ ಶುಕ್ರನ ನೀರು ಹಾರಿಹೋಯಿತು ಎಂಬುದನ್ನು ಬಿಡಿಸುವುದು ಕೇವಲ ಕುತೂಹಲದ ಕೆಲಸವೆ? ಕಾರ್ಖಾನೆಗಳ ಯುಗಕ್ಕೆ ಮೊದಲು ನಮ್ಮ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ೨೮೦ ಪಾಲಿದ್ದ ಈ ಅನಿಲವು ಈಗ ೪೨೦ನ್ನು ದಾಟಿರುವುದು. ಇದರಿಂದ ನಾಳೆಯೇ ಭೂಮಿಯು ಶುಕ್ರನಾಗುವುದೆಂದು ಹೆದರಿಸುವುದು ತಪ್ಪು. ಅದು ಬಹು ದೂರದ ಮಾತು. ಆದರೆ ಹೊದಿಕೆ ದಪ್ಪವಾದರೆ ಮನೆಯೊಳಗೆ ಏನಾಗುವುದೆಂಬ ಪಾಠವನ್ನು ಕಲಿಯಲು ಅದಕ್ಕಿಂತ ದೊಡ್ಡ ಪ್ರಯೋಗಶಾಲೆ ಇಲ್ಲ. ೧೯೮೮ರಲ್ಲಿ ಅಮೆರಿಕದ ಶಾಸನಸಭೆಯ ಮುಂದೆ ನಿಂತು ಭೂಮಿಯು ಬಿಸಿಯಾಗುತ್ತಿದೆಯೆಂದು ಸಾಕ್ಷಿ ಹೇಳಿದ ಜೇಮ್ಸ್ ಹ್ಯಾನ್ಸನ್ ಮೊದಲು ಅಭ್ಯಾಸಮಾಡಿದುದು ಶುಕ್ರನ ಮೋಡಗಳನ್ನು. ಶುಕ್ರನ ವಾಯುವಿನಲ್ಲಿ ಕ್ಲೋರಿನ್ನಿನ ವರ್ತನೆಯನ್ನು ಲೆಕ್ಕಹಾಕಿದವರ ಅನುಭವವು ನಮ್ಮ ಓಝೋನ್ ಕವಚವು ಸವೆಯುವ ಬಗೆಯನ್ನು ತಿಳಿಯುವಲ್ಲಿ ನೆರವಾಯಿತು. ೧೯೮೭ರಲ್ಲಿ ಮಾಂಟ್ರಿಯಲ್ಲಿನಲ್ಲಿ ರಾಷ್ಟ್ರಗಳು ಕೂಡಿ ಆ ಕವಚವನ್ನು ಕಾಯಲು ಒಪ್ಪಂದ ಮಾಡಿಕೊಂಡುವು. ಇದು ಕಚನು ಮನೆಗೆ ತಂದ ವಿದ್ಯೆ.

ಇನ್ನು ನಮ್ಮ ಹಿರಿಯರ ಪ್ರಶ್ನೆ. ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಶುಕ್ರನ ಸುತ್ತ ಸುತ್ತುವ ನೌಕೆಗೆ ಒಪ್ಪಿಗೆಯಿತ್ತು ೧,೨೩೬ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ೨೦೨೮ರ ಮಾರ್ಚಿಯಲ್ಲಿ ಅದನ್ನು ಹಾರಿಸಬೇಕೆಂಬುದು ಸಂಕಲ್ಪ. ಕೋಟಿಗಳ ಮಾತು ಕೇಳಿದರೆ ತಲೆ ತಿರುಗುವುದು. ದೇಶದ ನೂರನಲವತ್ತು ಕೋಟಿ ಜನಕ್ಕೆ ಹಂಚಿದರೆ ತಲೆಗೆ ಒಂಬತ್ತು ರೂಪಾಯಿಯೂ ಬೀಳದು. ನಮ್ಮ ಬಸ್ ನಿಲ್ದಾಣದಲ್ಲಿ ಒಂದು ಲೋಟ ಕಾಫಿಯೂ ಆ ಬೆಲೆಗೆ ಬಾರದು. ಆದರೆ ಈ ಲೆಕ್ಕವನ್ನು ಹೇಳಿ ಹಿರಿಯರ ಬಾಯಿ ಮುಚ್ಚಿಸುವುದು ನ್ಯಾಯವಲ್ಲವೆಂದೂ ನನ್ನ ಅಭಿಪ್ರಾಯ. ಯಾವ ವೆಚ್ಚವನ್ನಾದರೂ ಹೀಗೆ ಹಂಚಿ ಹಗುರಮಾಡಬಹುದು. ಶುಕ್ರನ ನೌಕೆಯಿಂದ ಅವರ ಬೋರಿಗೆ ನೀರು ಬರುವುದಿಲ್ಲ, ಈ ಮಾತನ್ನು ಅವರಿಗೆ ನೇರವಾಗಿಯೇ ಹೇಳಿದೆನು. ಮಳೆ ಏಕೆ ತಪ್ಪುತ್ತಿದೆ, ಬೇಸಗೆ ಏಕೆ ಬೆಳೆಯುತ್ತಿದೆ ಎಂಬುದನ್ನು ತಿಳಿದವರ ಸಂಖ್ಯೆ ಅದರಿಂದ ಹೆಚ್ಚುವುದು. ಅವರು ತಲೆಯಾಡಿಸಿದರು, ಒಪ್ಪಿದರೆಂದು ಹೇಳಲಾರೆ.

ಅಪಾಯದ ವಿಷಯದಲ್ಲಿ ನನಗೆ ಒಂದು ಭೇದ ಮುಖ್ಯವಾಗಿ ಕಾಣುವುದು. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯ ನೌಕೆಯೊಡನೆ ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಡಿಗರು ಅಳಿದರು. ಆ ಅಪಾಯದ ತೂಕವೇ ಬೇರೆ. ಶುಕ್ರನ ನೆಲಕ್ಕೆ ಮನುಷ್ಯನನ್ನು ಕಳುಹಿಸುವೆನೆಂದು ಯಾರಾದರೂ ಹೊರಟರೆ ನಾನು ಬೇಡವೆನ್ನುವೆನು. ಅಲ್ಲಿ ಬೇಯುವುದು ಯಂತ್ರ. ನಮ್ಮ ನೌಕೆಯಾದರೋ ನೆಲಕ್ಕಿಳಿಯದೆ ಮೇಲೆಯೇ ಸುತ್ತತಕ್ಕದ್ದು. ಕಳೆದುಕೊಳ್ಳುವುದೇನಾದರೂ ಇದ್ದರೆ ಹಣ, ಹಲವರ ಹಲವು ವರ್ಷಗಳ ದುಡಿಮೆ, ಸ್ವಲ್ಪ ಮಾನ. ಇವು ಸಣ್ಣವಲ್ಲ, ಆದರೆ ಹಿಂದಿರುಗಿ ಪಡೆಯಬಹುದಾದವು. ೧೯೭೫ರ ಏಪ್ರಿಲ್ ೧೯ರಂದು ಮೇಲೇರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದರು. ವಿದ್ಯುತ್ತಿನ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತುವು. ೨೦೧೯ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಚಂದ್ರನ ಮೇಲೆ ಬಿದ್ದು ಒಡೆದ ರಾತ್ರಿ ನಮ್ಮಲ್ಲಿ ಎಷ್ಟೋ ಮಂದಿ ನಿದ್ದೆಗೆಟ್ಟು ಕುಳಿತಿದ್ದೆವು. ೨೦೨೩ರ ಆಗಸ್ಟ್ ೨೩ರಂದು ಅದೇ ಹೆಸರಿನ ಇನ್ನೊಂದು ಯಂತ್ರ ಇಳಿದುದನ್ನು ಕಂಡವರೂ ನಾವೇ.

ನನ್ನ ಆತಂಕವಿರುವುದು ಬೇರೆಡೆಯಲ್ಲಿ. ಕಚನ ವಿದ್ಯೆ ಫಲಿಸಿದುದು ಅವನು ಕಲಿಸಿದವರಿಗೆ. ಶುಕ್ರನಿಂದ ಬರುವ ವಿದ್ಯೆಯನ್ನು ನಮ್ಮ ಮಕ್ಕಳಿಗೆ ಕಲಿಸುವವರು ಯಾರು, ಯಾವ ನುಡಿಯಲ್ಲಿ? ಬೆಂಗಳೂರು ನಮಗೆ ಒಂದು ಹೊತ್ತಿನ ಬಸ್ ಪ್ರಯಾಣ. ಆದರೂ ಗಡಿಯ ಈಚೆಯ ಕನ್ನಡ ಶಾಲೆಯ ಹುಡುಗನಿಗೆ ಅಲ್ಲಿಯ ನೌಕೆಯ ಸುದ್ದಿ ತಲುಪುವುದು ಮೊಬೈಲಿನ ತುಣುಕುಗಳಲ್ಲಿ, ಅರ್ಧ ಸುಳ್ಳು ಬೆರೆತು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ವಿಜ್ಞಾನದ ಸಂಪುಟಗಳನ್ನು ಬರೆದರು. ಜಿ. ಟಿ. ನಾರಾಯಣ ರಾಯರು ಆಕಾಶವನ್ನು ಕನ್ನಡದಲ್ಲಿ ಓದಿಸಿದರು. ಆ ಪುಸ್ತಕಗಳು ನಮ್ಮ ಊರುಗಳಲ್ಲಿ ಎಷ್ಟು ಮನೆಗಳಲ್ಲಿ ಇವೆ? ತಲೆಗೆ ಒಂಬತ್ತು ರೂಪಾಯಿ ನಾವೂ ಕೊಟ್ಟಿರುವೆವು. ಅಲ್ಲಿಂದ ಬರುವ ತಿಳಿವಳಿಕೆಯಲ್ಲಿ ನಮ್ಮ ಪಾಲನ್ನು ನಮ್ಮ ನುಡಿಯಲ್ಲಿ ಕೇಳುವುದು ದಾನ ಬೇಡುವುದಾಗದು. ಈ ಸಂಘವು ತನ್ನ ವಾಚನಾಲಯದಲ್ಲಿ ವಿಜ್ಞಾನಕ್ಕೆಂದು ಒಂದು ಬೀರುವನ್ನು ಮೀಸಲಿಟ್ಟರೆ ನನ್ನ ಬಳಿಯ ಕೆಲವು ಪುಸ್ತಕಗಳನ್ನು ನಾನು ಮೊದಲು ತಂದಿಡುವೆನು.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಇಷ್ಟು ಉದ್ದವಾಗಿ ಹೇಳಲಿಲ್ಲ. ಲ ಜಾಂತಿಯ ಮೋಡವನ್ನೂ ಅಕಾತ್ಸುಕಿಯ ಐದು ವರ್ಷಗಳನ್ನೂ ಹೇಳಿ, ನಮ್ಮ ನೌಕೆ ೨೦೨೮ರ ಮಾರ್ಚಿಯಲ್ಲಿ ಹೊರಡಬೇಕೆಂದು ಹಲಗೆಯ ಮೇಲೆ ಬರೆದೆನು. ಆ ಹುಡುಗನು ಬೆರಳು ಮಡಿಸಿ ಲೆಕ್ಕಹಾಕಿ, "ಅಯ್ಯೋ ಸಾರ್, ಅದು ನಮ್ಮ ಹತ್ತನೆಯ ತರಗತಿಯ ಪರೀಕ್ಷೆಯ ತಿಂಗಳು" ಎಂದನು. ಸ್ವಲ್ಪ ಹೊತ್ತು ಯೋಚಿಸಿ, ಗಣಿತದ ಪರೀಕ್ಷೆಯ ದಿನ ಮಾತ್ರ ಹಾರಿಸದಿದ್ದರೆ ತಾನು ನೋಡಬಲ್ಲೆನೆಂದೂ ಹೇಳಿದನು.